ರಬಕವಿಯ ಓಣಿಯಲ್ಲಿ ನಿಂತ ಕೆಂಪು ಚುಕ್ಕೆ

ಮಹಾದೇವಿ, ನಿನ್ನ ಮನೆಯನ್ನು ತೋರಿಸಿಕೊಟ್ಟವಳು ಕಸ್ತೂರಿಯಲ್ಲ — ನಾನು. ನೀನು ಕೇಳಿದಾಗ ನಾನಲ್ಲ ಎಂದೆ. ಅದು ಸುಳ್ಳು.

ಆಗ ನಾನು ಜಮಖಂಡಿಯ ಒಂದು ಸೇವಾಸಂಸ್ಥೆಯಲ್ಲಿದ್ದೆ. ಎಚ್‌ಐವಿ ಇದ್ದವರು ಗುಳಿಗೆ ತಪ್ಪಿಸದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಗಂಡ ಸತ್ತ ಮೇಲೆ ನೀನು ಬೀಳಗಿ ಬಿಟ್ಟು ರಬಕವಿಗೆ ಬಂದಿದ್ದೆ. ಮಗ್ಗದ ಮಾಲಕರೊಬ್ಬರ ಹಿತ್ತಿಲ ಕೋಣೆಯಲ್ಲಿ ಬಾಡಿಗೆಗಿದ್ದು, ಅವರಲ್ಲೇ ನೂಲು ಸುತ್ತುತ್ತಿದ್ದೆ. ನಿನ್ನ ಕಾಯಿಲೆ ಆ ಊರಲ್ಲಿ ಗೊತ್ತಿದ್ದದ್ದು ಜೊತೆಗೆ ದುಡಿಯುವ ಕಸ್ತೂರಿಯೊಬ್ಬಳಿಗೆ. ಗುಳಿಗೆಯನ್ನು ನೀನು ನನ್ನಿಂದ ಬಸ್ ನಿಲ್ದಾಣದಲ್ಲೇ ಇಸಿದುಕೊಳ್ಳುತ್ತಿದ್ದೆ.

“ಮನಿ ಕಡೆ ಬರಬ್ಯಾಡ್ರಿ ಅಕ್ಕಾರ. ಗೊತ್ತಾತಂದ್ರ ಮನಿನೂ ಹೋಕ್ಕೈತಿ, ಕೆಲಸಾನೂ ಹೋಕ್ಕೈತಿ” ಎಂದಿದ್ದೆ ನೀನು.

ಆದರೆ ಕಚೇರಿಗೆ ನಕಾಶೆ ಬೇಕಿತ್ತು — ಪ್ರತಿಯೊಬ್ಬರ ಮನೆಯ ಮೇಲೂ ಒಂದು ಕೆಂಪು ಚುಕ್ಕೆ. ಗುಳಿಗೆ ಬಿಟ್ಟವರನ್ನು ಹುಡುಕಿಕೊಂಡು ಹೋಗಲು ಅನುಕೂಲ ಎನ್ನುತ್ತಿದ್ದರು. ನನ್ನ ಪಾಲಿನಲ್ಲಿ ನಿನ್ನದೊಂದೇ ಬಾಕಿ. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ — ಅದಕ್ಕೇ ಕೇಳಲಿಲ್ಲ. ಒಂದು ದಿನ ಬಸ್ ನಿಲ್ದಾಣದಲ್ಲಿ, ನನ್ನ ನಂಬರು ಬದಲಾಗಿದೆ, ಹಾಕಿ ಕೊಡುತ್ತೇನೆಂದು ನಿನ್ನ ಫೋನ್ ತೆಗೆದುಕೊಂಡು, ಅದರ ಲೈವ್ ಲೊಕೇಶನ್ ನನಗೆ ಬರುವಂತೆ ಒತ್ತಿದೆ. ನೀನು ನಂಬಿದೆ. ನೀನು ಹೊರಟ ಮೇಲೆ ನಾನು ಅಲ್ಲೇ ಚಹಾ ಕುಡಿಯುತ್ತ ನಿನ್ನನ್ನು ಪರದೆಯ ಮೇಲೆ ನೋಡುತ್ತಿದ್ದೆ. ಚುಕ್ಕೆ ಕಾಯಿಪಲ್ಲೆ ಸಂತೆಯಲ್ಲಿ ಸ್ವಲ್ಪ ತಡೆಯಿತು, ಓಣಿಯೊಳಗೆ ತಿರುಗಿತು, ನಿಂತಿತು. ಆ ಜಾಗವನ್ನು ನಕಾಶೆಗೆ ಸೇರಿಸಿದೆ.

ಕೆಲಸ ಪೂರ್ತಿಯಾದ ಹೆಮ್ಮೆ ನನಗೆ. ನಕಾಶೆಯ ಚಿತ್ರವನ್ನು ಕಾರ್ಯಕರ್ತೆಯರ ವಾಟ್ಸಾಪ್ ಗುಂಪಿಗೆ ಹಾಕಿದೆ. ಹೆಸರಿಲ್ಲವಲ್ಲ, ಬರೀ ಚುಕ್ಕೆ — ಹಾಗಂದುಕೊಂಡೆ. ಗುಂಪಿನಲ್ಲಿ ನಿನ್ನ ಓಣಿಯವಳೊಬ್ಬಳಿದ್ದಳು. ಆ ಹಿತ್ತಿಲಲ್ಲಿ ಬಾಡಿಗೆಗಿದ್ದವಳು ನೀನೊಬ್ಬಳೇ ಎಂದು ಅವಳಿಗೆ ಗೊತ್ತಿತ್ತು.

ಮಾತು ಮಾಲಕರಿಗೆ ಮುಟ್ಟಿ, ವಾರದೊಳಗೆ ನಿನ್ನ ಹಾಸಿಗೆ, ಪಾತ್ರೆ ಬೀದಿಗೆ ಬಿದ್ದವು. ನೀನು ಫೋನ್ ಮಾಡಿದೆ.

“ನಿಮಗ, ಕಸ್ತೂರಿಗೆ ಬಿಟ್ರ ಇಲ್ಲಿ ಯಾರಿಗೂ ಗೊತ್ತಿದ್ದಿಲ್ಲರಿ. ನೀವೇನರ ಹೇಳಿದ್ರೇನ್ರಿ?”

“ಇಲ್ಲ. ನಾ ಯಾಕ ಹೇಳಲಿ?”

“ಹಂಗಾರ ಆ ಕಸ್ತೂರಿನ ಹೇಳ್ಯಾಳ” ಎಂದೆ ನೀನು.

ಅಲ್ಲ ಎನ್ನಬಹುದಿತ್ತು. ಆ ಒಂದು ಮಾತು — ಆಡಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆ, ಮತ್ತೆ… ನಿನ್ನ ಕಣ್ಣಲ್ಲಿ ಒಳ್ಳೆಯವಳಾಗಿಯೇ ಉಳಿಯುವ ಆಸೆ.

ತನ್ನ ಮನೆಗೆ ಬಾ ಎಂದು ಕಸ್ತೂರಿ ಅಂಗಲಾಚಿದರೂ ನೀನು ಅವಳ ಮುಖ ನೋಡಲಿಲ್ಲವಂತೆ. ಬೀಳಗಿಗೆ, ಅಣ್ಣನ ಮನೆಗೆ ಹೋದೆ. ಗುಳಿಗೆ ಬಿಟ್ಟೆ. ಯಾರ ಫೋನನ್ನೂ ಎತ್ತಲಿಲ್ಲ. ನಮ್ಮ ನಕಾಶೆ ಇನ್ನೂ ರಬಕವಿಯ ಖಾಲಿ ಕೋಣೆಯನ್ನೇ ತೋರಿಸುತ್ತಿತ್ತು. ಮರುವರ್ಷ ನೀನು ತೀರಿಕೊಂಡ ಸುದ್ದಿ ಬಂತು.

ಮೊನ್ನೆ ಹೋಗಿ ಕಸ್ತೂರಿಗೆ ಎಲ್ಲವನ್ನೂ ಹೇಳಿದೆ. ಅವಳು ಮಗ್ಗ ನಿಲ್ಲಿಸಿ ಕೇಳಿಸಿಕೊಂಡಳು. ಬೈಯಲಿಲ್ಲ.

“ಸಾಯೂತನಕ ನನ್ನ ಕೂಡ ಮಾತಾಡಲಿಲ್ಲರಿ ಆಕಿ” ಎಂದಳು. “ಇದನ್ನ ಆಕಿಗೆ ಹೇಳಬೇಕಿತ್ತು ನೀವು.”

ಆಮೇಲೆ ಮಗ್ಗವನ್ನು ಮತ್ತೆ ಚಾಲೂ ಮಾಡಿದಳು. ಆ ಸದ್ದಿನಲ್ಲಿ ಇನ್ನು ಯಾವ ಮಾತೂ ಕೇಳುವಂತಿರಲಿಲ್ಲ.