ಹುಳ ಹಣ್ಣಾದ ದಿನದ ಓಟು

ಎರಡೇ ಎರಡು ಓಟು. ನೂರಿನ್ನೂರರಲ್ಲಿ ಸೋತಿದ್ದರೆ ಸೆರಗು ಕೊಡವಿಕೊಂಡು ಎದ್ದು ಬರಬಹುದಿತ್ತು. ಎರಡು ಓಟಿನಲ್ಲಿ ಸೋತವಳ ಹೊಟ್ಟೆಯುರಿ ಯಾರಿಗೆ ಹೇಳಿಕೊಂಡರೆ ಆರುತ್ತೆ?

ಚನ್ನಪಟ್ಟಣದ ಒಂದು ಕಾಲೇಜಿನ ಕೊಠಡಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಶುರುವಾದ ಎಣಿಕೆ ಒಂಬತ್ತೂವರೆಗೆಲ್ಲ ಮುಗಿದೇ ಹೋಯಿತು. ಹೊಂಗೆದೊಡ್ಡಿಯ ಒಂದು ವಾರ್ಡಿಗೆ ಪಂಚಾಯ್ತಿ ಉಪಚುನಾವಣೆ, ಒಂದು ಡಬ್ಬ ಓಟು, ಇನ್ನೆಷ್ಟು ಹೊತ್ತು ಹಿಡಿಯುತ್ತೆ. ಆಟೋ ಗುರುತಿನ ಭಾನುಪ್ರಿಯಳಿಗೆ ಇನ್ನೂರ ಮೂವತ್ತೊಂದು. ಹೊಲಿಗೆ ಯಂತ್ರದ ಗುರುತಿನ ಕಾವೇರಮ್ಮನಿಗೆ ಇನ್ನೂರ ಇಪ್ಪತ್ತೊಂಬತ್ತು. ಇನ್ನೊಂದು ಸಲ ಎಣಿಸಿ ಸಾರ್ ಅಂದಳು. ಎಣಿಸಿದರು. ಅದೇ ಬಂತು. ಆಫೀಸರು ತೋರಿಸಿದ ಕಡೆ ಸಹಿ ಹಾಕಿ ಹೊರಗೆ ಬಂದಳು.

ಹೊರಗೆ ಭಾನುಪ್ರಿಯಳ ಗಂಡ ನಟರಾಜು, ಹೆಂಡತಿ ಕೊರಳಿಗೆ ಬೀಳಬೇಕಿದ್ದ ಹಾರಗಳನ್ನೆಲ್ಲ ತಾನೇ ಹಾಕಿಸಿಕೊಂಡು ನಿಂತಿದ್ದ. ಗೆದ್ದವಳು ಕಾರಿನ ಹಿಂದಿನ ಸೀಟಿನಲ್ಲಿ ಕೂತು ಫೋನ್ ನೋಡುತ್ತಿದ್ದಳು. ಕಾವೇರಮ್ಮನ ಕಡೆ ಏಜೆಂಟಾಗಿ ಕೂತಿದ್ದ ಗೊಬ್ಬರದಂಗಡಿ ರುದ್ರಪ್ರಸಾದ್ ಪಕ್ಕಕ್ಕೆ ಬಂದು, ಓಟಿನ ದಿನ ಐದು ಗಂಟೆಗೆ ಗೇಟ್ ಹಾಕಿದ ಮೇಲೆ ಓಡಿ ಬಂದರಲ್ಲ ಹನ್ನೊಂದು ಜನ, ಅವರು ಹತ್ತು ನಿಮಿಷ ಮುಂಚೆ ಬಂದಿದ್ದರೆ ಈ ಹಾರ ನಿಮಗೆ ಬೀಳುತ್ತಿತ್ತು ಕಣಕ್ಕ ಅಂದ. ಗೊತ್ತಿರುವ ವಿಷಯವನ್ನೇ ಹೇಳುವುದಕ್ಕೆ ಈ ಗಂಡಸರಿಗೆ ಅದೇನು ಆತುರವೋ. ಅವಳು ಊರಿಗೆ ಹೋಗುವ ಅಕ್ಕೂರು ಕಡೆ ಬಸ್ಸು ಹತ್ತಿದಳು.

ಕಾವೇರಮ್ಮ ಯಾರು ಅಂತ ಕೇಳಿದರೆ ಆ ಸುತ್ತಿನಲ್ಲಿ ಯಾರು ಬೇಕಾದರೂ ಹೇಳುತ್ತಾರೆ, ಚಾಕಿ ಕಾವೇರಮ್ಮ ಅಂತ. ಮಾಗಡಿ ಕಡೆಯಿಂದ ಸೊಸೆಯಾಗಿ ಬಂದು ಇಪ್ಪತ್ತೆಂಟು ವರ್ಷ. ರೇಷ್ಮೆ ಮೊಟ್ಟೆ ಒಡೆದ ಮೇಲೆ ಮೊದಲ ಎಂಟು ದಿನ ಹುಳ ಸಾಸಿವೆಗಿಂತ ನಾಜೂಕು. ಒಸಿ ಗಾಳಿ ಜಾಸ್ತಿಯಾದರೂ ಕಷ್ಟ, ಒಸಿ ಕಮ್ಮಿಯಾದರೂ ಕಷ್ಟ. ಆ ಎಂಟು ದಿನ ಹುಳಗಳನ್ನು ತನ್ನ ಚಾಕಿ ಮನೆಯಲ್ಲಿ ಸಾಕಿ, ಎರಡು ಜ್ವರ, ಅಂದರೆ ಎರಡು ಸಲ ಪೊರೆ ಬಿಡುವ ಹೊತ್ತು, ದಾಟಿಸಿ, ತನ್ನ ಮನೆಗೊಂದಿಷ್ಟು ಇಟ್ಟುಕೊಂಡು ಉಳಿದದ್ದನ್ನು ಕೆಳಗಿನ ಬೀದಿಯ ಇಪ್ಪತ್ತಾರು ಮನೆಗೆ ಕೊಡುವುದು ಅವಳ ಕಸುಬು. ಅಲ್ಲಿಂದಾಚೆಗೆ ಸೊಪ್ಪು ಹಾಕಿ ಬೆಳೆಸಿ, ಗೂಡು ಕಟ್ಟಿಸಿ, ರಾಮನಗರದ ಮಾರುಕಟ್ಟೆಗೆ ಒಯ್ಯುವುದು ಅವರವರ ಪಾಡು. ಕಾವೇರಮ್ಮ ಕೊಟ್ಟ ಹುಳ ಕೈ ಕೊಡಲ್ಲ ಅನ್ನುವ ಮಾತು ಸುಮ್ಮನೆ ಬಂದದ್ದಲ್ಲ.

ಆದರೆ ಆ ಹುಳಕ್ಕೆ ಶತ್ರು ಒಂದಿತ್ತು, ಮೇಗಳ ಬೀದಿಯ ಮೋರಿ. ಮೇಗಳ ಬೀದಿಯವರ ಬಚ್ಚಲು ನೀರು, ಕೊಟ್ಟಿಗೆ ನೀರು ಎಲ್ಲ ಹರಿದು ಬಂದು ಕೆಳಗಿನ ಬೀದಿಯ ಹುಳದ ಮನೆಗಳ ಗೋಡೆ ಬುಡದಲ್ಲಿ ನಿಲ್ಲುತ್ತಿತ್ತು. ನೆಲ ಥಂಡಿ ಹಿಡಿದರೆ ಸುಣ್ಣಕಟ್ಟು ರೋಗ ಬಂತು ಅಂತಲೇ ಲೆಕ್ಕ. ಬೆಳಿಗ್ಗೆ ನೋಡಿದರೆ ಹುಳ ಸೀಮೆಸುಣ್ಣದ ಹಾಗೆ ಬೆಳ್ಳಗೆ ಸೆಟೆದು ಬಿದ್ದಿರುತ್ತಿತ್ತು. ಹನ್ನೆರಡು ವರ್ಷ ಕಾವೇರಮ್ಮ ಅರ್ಜಿ ಬರೆದಳು. ಪಿಡಿಓ ಬದಲಾದರು, ಮೆಂಬರುಗಳು ಬದಲಾದರು, ಮೋರಿ ಮಾತ್ರ ಇದ್ದಲ್ಲೇ ಇತ್ತು. ಹಳೇ ಮೆಂಬರು ತೀರಿಕೊಂಡು ಸೀಟು ಖಾಲಿಯಾದಾಗ, ಇನ್ನು ಅರ್ಜಿ ಬರೆದು ಸಾಕಾಯಿತು, ಒಳಗೆ ಹೋಗಿ ಕೂತು ಮೋರಿ ಮಾಡಿಸುತ್ತೀನಿ ಅಂತ ನಿಂತೇಬಿಟ್ಟಳು. ಅವಳಿಗೆ ಬೇಕಾಗಿದ್ದದ್ದು ಅದೊಂದೇ, ಇನ್ನೂರು ಅಡಿ ಸಿಮೆಂಟು ಮೋರಿ.

ಎಡವಿದ್ದು ಹುಳ ಹಂಚುವುದರಲ್ಲೇ. ಯಾವಾಗಲೂ ಅವಳು ಹುಳ ಕೊಡುತ್ತಿದ್ದದ್ದು ಎರಡು ಸರದಿಯಲ್ಲಿ. ಹದಿಮೂರು ಮನೆಗೆ ಈಗ, ಇನ್ನು ಹದಿಮೂರಕ್ಕೆ ಎಂಟು ದಿನ ಬಿಟ್ಟು. ಹಾಗಿದ್ದರೆ ಹುಳ ಹಣ್ಣಾಗಿ ಗೂಡು ಕಟ್ಟಲು ತಯಾರಾದಾಗ ಈ ಮನೆಯವರು ಆ ಮನೆಗೆ, ಆ ಮನೆಯವರು ಈ ಮನೆಗೆ ಕೈ ಜೋಡಿಸಬಹುದು. ಚುನಾವಣೆಗೆ ನಿಂತ ಮೇಲೆ ಬುದ್ಧಿ ಎಲ್ಲಿಗೆ ಹೋಯಿತೋ. ಎರಡನೇ ಸರದಿಯವರು, ಗೆಲ್ಲೋಕೆ ಮುಂಚೆಯೇ ಹಿಂಗೆ ಭೇದ ಮಾಡುತ್ತಾಳೆ, ಗೆದ್ದ ಮೇಲೆ ಇನ್ನು ಹೆಂಗೋ ಅಂದುಬಿಟ್ಟರೆ? ಎಲ್ಲರಿಗೂ ಒಂದೇ ದಿನ, ಮೂರನೇ ತಾರೀಕು, ಸಮವಾಗಿ ಹಂಚಿದಳು. ಹದಿನೆಂಟು ದಿನಕ್ಕೆ ಹಣ್ಣು, ಅಂದರೆ ಇಪ್ಪತ್ತೊಂದಕ್ಕೆ. ಓಟು ಇಪ್ಪತ್ತಕ್ಕೆ. ಓಟು ಹಾಕಿ ಬಂದು ಆರಾಮಾಗಿ ಹುಳ ಆರಿಸಿಕೊಳ್ಳಲಿ ಅಂತ ಅವಳ ಲೆಕ್ಕ. ತಂಪು ಕಾಲದ ಲೆಕ್ಕ ಅದು. ಸೆಖೆಗೆ ಹುಳ ಒಂದು ದಿನ ಮುಂಚೆಯೇ ಹಣ್ಣಾಗುತ್ತೆ ಅನ್ನುವುದು ಕೆಳಗಿನ ಬೀದಿಯ ಮಕ್ಕಳಿಗೂ ಗೊತ್ತು. ಊರಿಗೆಲ್ಲ ಪಾಠ ಹೇಳುವ ಚಾಕಿ ಕಾವೇರಮ್ಮನಿಗೆ ಮರೆತುಹೋಯಿತು.

ಇಪ್ಪತ್ತನೇ ತಾರೀಕು ಬೆಳಗಿನ ಜಾವ ಗಂಡ ಚೆಲುವಯ್ಯ ಸೊಪ್ಪು ಹಾಕಲು ಹೋದವನು ಒಂದು ಹುಳ ಅಂಗೈಯಲ್ಲಿಟ್ಟುಕೊಂಡು ಬಂದು ತೋರಿಸಿದ. ಮೈಯೆಲ್ಲ ಹಳದಿ ತಿರುಗಿ, ತಲೆ ಎತ್ತಿ ಆಡಿಸುತ್ತಿತ್ತು.  ಹಣ್ಣಾದ ಹುಳ ಕಾಯುವುದಿಲ್ಲ, ಆರಿಸಿ ಗೂಡು ಕಟ್ಟುವ ಬಿದಿರು ಚಂದ್ರಿಕೆಗೆ ಬಿಡದಿದ್ದರೆ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತೆ. ನಮ್ಮಲ್ಲಿ ಹಣ್ಣಾಗಿದ್ದರೆ ಇಪ್ಪತ್ತಾರು ಮನೆಯಲ್ಲೂ ಹಣ್ಣಾಗಿದೆ ಅಂತ ಅವಳಿಗೆ ಆಗಲೇ ಗೊತ್ತಾಯಿತು. ಗಂಡ, ಮಗ ಬಾಲರಾಜು, ಸೊಸೆ ರಮ್ಯಾ ಮೂವರಿಗೂ ಹುಳದ ಕಡೆ ನೋಡಿಕೊಳ್ಳಿ ಅಂತ ಹೇಳಿ, ತಾನು ಏಳಕ್ಕೇ ಹೋಗಿ ಓಟು ಹಾಕಿ, ಕೆಳಗಿನ ಬೀದಿಗೆ ಓಡಿದಳು.

ಮೇಗಳ ಬೀದಿಯವರಿಗೇನು, ತೆಂಗು, ಮಾವು, ಹಾಲು. ಮಧ್ಯಾಹ್ನದ ಹೊತ್ತಿಗೆ ಓಟು ಹಾಕಿ ಮುಗಿಸಿ ಅರಳೀಕಟ್ಟೆಯಲ್ಲಿ ಕೂತಿದ್ದರು. ಕೆಳಗಿನ ಬೀದಿಯಲ್ಲಿ ಒಬ್ಬರೂ ತಲೆ ಎತ್ತುತ್ತಿರಲಿಲ್ಲ. ಬನ್ನಿ ಅಂದರೆ ಈಗ ಬಂದೆ ಕಣಕ್ಕ ಅನ್ನುವುದು, ಅಂದ ಕೈ ಮತ್ತೆ ಹುಳಕ್ಕೇ ಹೋಗುವುದು. ಅವಳು ಕೈ ಮುಗಿದಳು, ಬೈದಳು, ಕೆಲವರನ್ನು ರಟ್ಟೆ ಹಿಡಿದು ಎಬ್ಬಿಸಿದಳು. ನಾಲ್ಕೂವರೆಗೆ ಮುದುಕಿ ನಾಗಲಕ್ಷ್ಮಮ್ಮನ ಮನೆಗೆ ಹೋದರೆ, ಅವಳೂ ಅವಳ ಅಕ್ಕಪಕ್ಕದವರೂ ಸೇರಿ ಹನ್ನೊಂದು ಜನ ಒಂದು ಕಡೆ ಮುಗಿಸಿ ಇನ್ನೊಂದು ಕಡೆ ಆರಿಸುತ್ತಿದ್ದರು. ಇನ್ನೆರಡು ತಟ್ಟೆ ಮಾತ್ರ ಅಂದರು. ಆ ಎರಡು ತಟ್ಟೆ ಮುಗಿಸಿ ಓಟು ನಡೆಯುತ್ತಿದ್ದ ಶಾಲೆ ಹತ್ತಿರ ಓಡಿ ಬರುವಷ್ಟರಲ್ಲಿ ಗೇಟಿಗೆ ಬೀಗ ಬಿದ್ದಿತ್ತು.

ಬಸ್ಸಿಳಿದವಳು ಮನೆಗೆ ಹೋಗಲಿಲ್ಲ. ನೆಟ್ಟಗೆ ಕೆಳಗಿನ ಬೀದಿಗೆ ನುಗ್ಗಿದಳು. ಹನ್ನೊಂದು ಜನರ ಮನೆ ಮುಂದೆಯೂ ನಿಂತು, ಎಡಗೈ ತೋರಿಸಿ ಅಂದಳು. ಶಾಯಿ ಇಲ್ಲದ ಬೋಳು ಬೆರಳು ಕಂಡ ಕಡೆಯೆಲ್ಲ ಬಾಯಿಗೆ ಬಂದದ್ದು ಅಂದಳು. ಹತ್ತು ನಿಮಿಷ, ಬರೀ ಹತ್ತು ನಿಮಿಷ ಹುಳ ಬಿಟ್ಟು ಬರೋಕೆ ಆಗಲಿಲ್ಲ ಅಲ್ಲವಾ ನಿಮಗೆ. ಯಾರ ಗೋಡೆ ನೆನೆಯುತ್ತೆ ಅಂತ ನಾನು ಬೀದಿ ಬೀದಿ ಅಲೆದೆ? ಇನ್ನು ಮೇಲೆ ನಿಮ್ಮ ಯಾರ ಮನೆಗೂ ಒಂದು ಹುಳ ಕೊಡಲ್ಲ, ಎಲ್ಲಿಂದ ಬೇಕಾದರೂ ತಂದುಕೊಳ್ಳಿ.  ತಪ್ಪು ಮಾಡಿದವರ ಮುಖ ಎಲ್ಲರದೂ ಒಂದೇ ಥರ ಇರುತ್ತೆ.

ನಾಗಲಕ್ಷ್ಮಮ್ಮ ಮಾತ್ರ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. ಎಪ್ಪತ್ತು ದಾಟಿದ ಹೆಂಗಸು, ಯಾರ ಮುಲಾಜೂ ಇಲ್ಲ.

"ನಂದು ತಪ್ಪೇ ಕಣವ್ವ, ಬೈಯಿ. ಆದ್ರೆ ತನ್ನೆಲೇಲಿ ಹೆಗ್ಗಣ ಬಿದ್ದಿದ್ರೂ ಪಕ್ಕದೆಲೆ ನೊಣ ತೋರ್ಸುದ್ರಂತೆ. ಊರ್ನೋರ ಬೆರಳೆಲ್ಲ ನೋಡ್ದೆ. ನಿಮ್ಮನೇದು ನೋಡ್ದ್ಯಾ?"

  ಕಾವೇರಮ್ಮ ನಾಲ್ಕು ಮನೆ ದಾಟಿ ತನ್ನ ಮನೆಗೆ ಬಂದಳು. ಊರಿನವರನ್ನೆಲ್ಲ ಕೇಳಿದ್ದಳು, ಓಟು ಹಾಕಿದೆಯಾ, ಹಾಕಿದೆಯಾ ಅಂತ. ಸ್ವಂತ ಮನೆಯವರನ್ನು ಯಾರಾದರೂ ಕೇಳುತ್ತಾರಾ? ಅವಳು ಮನೆ ಮನೆ ಸುತ್ತುವಾಗ ಯಾವಾಗಲೋ ಬಂದು ಹಾಕಿ ಹೋಗಿರುತ್ತಾರೆ ಅಂದುಕೊಂಡಿದ್ದಳು.

ಚೆಲುವಯ್ಯ ಊಟಕ್ಕೆ ಕೂತಿದ್ದ. ಮಗನೂ ಪಕ್ಕದಲ್ಲೇ. ಸೊಸೆ ಸಾರು ಬಡಿಸುತ್ತಿದ್ದವಳು ಅತ್ತೆಯನ್ನು ನೋಡಿ ಸೌಟು ಪಾತ್ರೆಗೆ ಹಾಕಿದಳು. ಸೋತ ಸುದ್ದಿ, ಎರಡು ಓಟಿನ ಸುದ್ದಿ, ಅವಳಿಗಿಂತ ಮುಂಚೆಯೇ ಫೋನಿನಲ್ಲಿ ಬಂದು ಮನೆ ಸೇರಿತ್ತು. ಅವಳು ಗಂಡನ ಎದುರು ಹೋಗಿ ನಿಂತಳು.

"ಎಡಗೈ ತೋರ್ಸಿ ನೋಡಾನ."

ಚೆಲುವಯ್ಯ ತೋರಿಸಲಿಲ್ಲ, ತೊಡೆ ಕೆಳಗೆ ಇಟ್ಟುಕೊಂಡ. ಮಗ ತಲೆ ತಗ್ಗಿಸಿದ. ರಮ್ಯಾ ಒಬ್ಬಳೇ ಕೈ ಚಾಚಿದಳು. ಸೊಪ್ಪಿನ ಕಲೆ ಇತ್ತು, ಶಾಯಿ ಇರಲಿಲ್ಲ. ಒಂದು, ಎರಡು, ಮೂರು. ಎರಡು ಓಟಿಗೆ ಸೋತವಳ ಮನೆಯಲ್ಲಿ ಮೂರು ಬೋಳು ಬೆರಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಅದನ್ನು ತಟ್ಟಿ ಬೀಳಿಸಿದವರು ಮನೆಯವರೇ. ಕಾವೇರಮ್ಮನಿಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಹನ್ನೆರಡು ವರ್ಷ ನನ್ನ ಜೊತೆ ಇದೇ ಥಂಡಿ ನೆಲದಲ್ಲಿ ಮಲಗಿದ್ದೀರಿ, ನಿಮಗೂ ಬೇಡವಾಯಿತಾ ಆ ಮೋರಿ ಅಂದಳು. ಇನ್ನೂ ಏನೇನೋ ಅಂದಳು. ಚೆಲುವಯ್ಯ ಎಲ್ಲ ಮುಗಿಯುವವರೆಗೆ ಕಾದ. ಅವನು ಜಾಸ್ತಿ ಮಾತಿನ ಮನುಷ್ಯನಲ್ಲ.

"ನೀನೇ ಅಂದಿದ್ದೆ ಕಣಮ್ಮಿ, ನಾನು ಹೇಳಿ ಕಳ್ಸೋಗಂಟ ಯಾರೂ ಹುಳ ಬುಟ್ಟು ಅಲ್ಲಾಡ್ಬೇಡಿ ಅಂತ. ನಾಲ್ಕೂವರೆಗೆ ಫೋನ್ ಮಾಡ್ದೆ. ಕಟ್ ಮಾಡ್ದೆ ನೀನು."

ಹೌದು. ನಾಗಲಕ್ಷ್ಮಮ್ಮನ ಜಗಲಿಯಲ್ಲಿ ಮುದುಕಿಗೆ ಕೈ ಮುಗಿಯುತ್ತಿದ್ದಾಗ ಫೋನು ಬಡಿದುಕೊಂಡಿತ್ತು. ಇವರಿಗೆ ಈಗಲೇ ಬೇಕು ಅಂತ ಗೊಣಗಿ ಒತ್ತಿ ನಿಲ್ಲಿಸಿದ್ದಳು. ಆಮೇಲೆ ಮರೆತೇಬಿಟ್ಟಿದ್ದಳು. ಮನೆಗೆ ಮಾರಿ, ಪರರಿಗೆ ಉಪಕಾರಿ. ಹೇಳಿದ ಮಾತು ಒಂದಕ್ಷರ ಮೀರದ ಮೂವರು, ಅವಳ ಮಾತು ಕೇಳಿಯೇ ಅವಳನ್ನು ಸೋಲಿಸಿದ್ದರು. ಯಾರನ್ನು ಬೈಯುವುದು ಈಗ? ಅವಳು ಒಳಗೆ ಹೋಗಿ ಚಾಕಿ ಮನೆಯ ಬಾಗಿಲು ಹಾಕಿಕೊಂಡು, ಖಾಲಿ ತಟ್ಟೆಗಳ ಮಧ್ಯೆ ಕೂತಳು.

ನಾಲ್ಕು ದಿನ ಗಂಡನ ಜೊತೆ ಮಾತಿಲ್ಲ. ಕೆಳಗಿನ ಬೀದಿಯ ಗೂಡು ರಾಮನಗರಕ್ಕೆ ಹೋಗಿ ಒಳ್ಳೇ ರೇಟು ಸಿಕ್ಕಿತು. ಕಾವೇರಕ್ಕನ ಹುಳ ಅಂದರೆ ಹುಳ ಅಂತ ಯಾರೋ ಮೈಸೂರ್‌ಪಾಕು ತಂದು ಕೊಟ್ಟರು. ಅವಳಿಗೆ ಅದನ್ನು ಬೀದಿಗೆಸೆಯಬೇಕು ಅನ್ನಿಸಿತು. ಎಸೆಯಲಿಲ್ಲ, ಬಾಯಿಗೂ ಹಾಕಲಿಲ್ಲ. ಐದನೇ ದಿನ ಮಳೆ ಹುಯ್ದು, ಮೋರಿ ನೀರು ನಾಗಲಕ್ಷ್ಮಮ್ಮನ ಹುಳದ ಮನೆಗೆ ನುಗ್ಗಿತು. ಮುದುಕಿ ಸೀರೆ ಎತ್ತಿಕಟ್ಟಿಕೊಂಡು ಕಾವೇರಮ್ಮನ ಬಾಗಿಲಿಗೆ ಬಂದು ನಿಂತಳು. ಏನೂ ಆಗಿಯೇ ಇಲ್ಲ ಅನ್ನುವಂತೆ, ಇನ್ನೊಂದು ಅರ್ಜಿ ಬರ್ದುಕೊಡವ್ವ ಅಂದಳು.

ಹದಿಮೂರನೇ ವರ್ಷದ ಅರ್ಜಿ. ಕಾವೇರಮ್ಮ ಪೆನ್ನು ಹಿಡಿದು ಕೂತಳು. ಮಾನ್ಯ ಗ್ರಾಮ ಪಂಚಾಯ್ತಿ ಸದಸ್ಯರಾದ ಶ್ರೀಮತಿ ಭಾನುಪ್ರಿಯ ಅವರಿಗೆ ಅಂತ ಹಲ್ಲು ಕಚ್ಚಿ ಬರೆದಳು. ಉಳಿದದ್ದೆಲ್ಲ ಬಾಯಿಪಾಠ, ಇನ್ನೂರು ಅಡಿ, ಥಂಡಿ, ಸುಣ್ಣಕಟ್ಟು ರೋಗ. ಬರೆದು ಮುಗಿಸಿ, ಯಾವಾಗಲೂ ಮಾಡುವಂತೆ ಸಹಿ ಹಾಕಿಸಲು ಚಪ್ಪಲಿ ಮೆಟ್ಟಿ ಬೀದಿಗೆ ಹೊರಟವಳು, ಅಂಗಳದಿಂದ ವಾಪಸು ಬಂದಳು. ಗಂಡ, ಮಗ, ಸೊಸೆ ಮೂವರನ್ನೂ ಕರೆದು ಕಾಗದ ಅವರ ಮುಂದೆ ಇಟ್ಟಳು. ನಾಲ್ಕು ದಿನದ ಮೇಲೆ ಅವಳು ಗಂಡನಿಗೆ ಆಡಿದ ಮೊದಲ ಮಾತು ಅದು.

"ಮೊದ್ಲು ನಿಮ್ದು."

ಮೂವರೂ ಒಬ್ಬರಾದ ಮೇಲೆ ಒಬ್ಬರು ಹಾಕಿದರು. ಮೂರನೇ ಸಹಿ ಬೀಳುವವರೆಗೂ ಅವಳು ಅಲ್ಲೇ ನಿಂತಿದ್ದಳು, ಒಲೆ ಮೇಲೆ ಹಾಲು ಉಕ್ಕುತ್ತಿದ್ದರೂ ಅತ್ತ ತಿರುಗಲಿಲ್ಲ.