ನಾಲ್ಕನೆಯ ಸಾಲು

ಆ ಮಾತನ್ನು ಅಕ್ಕ ಹೇಳಿದ್ದಳೋ, ನಾನೇ ಆಮೇಲೆ ಕಟ್ಟಿಕೊಂಡೆನೋ, ಈಗ ಆಣೆ ಇಟ್ಟು ಹೇಳಲಾರೆ. ನನ್ನ ನೆನಪಿನಲ್ಲಿ ಅದು ಹೀಗಿದೆ. ಬೇಸಿಗೆ ರಜೆಯ ಮಧ್ಯಾಹ್ನ. ದೇವರಾಜ ಮೊಹಲ್ಲಾದ ನಮ್ಮ ಹಳೆಯ ಬಾಡಿಗೆ ಮನೆ, ಟೀವಿಯ ಮುಂದೆ ಚಾಪೆ. ಪರದೆಯ ಮೇಲೆ ಒಂದು ಹಸಿರು ಕಪ್ಪೆ, ಅದರ ಕೆಳಗೆ ನಾಲ್ಕು ಸಾಲು ಜಪಾನಿ ಅಕ್ಷರ. ನಾನು ನಾಲ್ಕನೆಯ ಸಾಲನ್ನು ಆರಿಸಿ ಗುಂಡಿ ಒತ್ತಿದೆ. ಕಪ್ಪೆ ಎಗರಿ ಬಡಿಯಿತು, ನಮ್ಮ ವೀರ ಸತ್ತುಬಿದ್ದ. ಅಕ್ಕ ಜಾಯ್‌ಸ್ಟಿಕ್ಕನ್ನು ನನ್ನ ಕೈಯಿಂದ ಕಿತ್ತುಕೊಂಡು, “ಅದು ಶಾಪದ ಸಾಲು ಕಣೋ, ಒತ್ತಿದ್ರೆ ಪ್ರಾಣ ಹೋಗುತ್ತೆ” ಎಂದಳು.

ಇಷ್ಟು ಸ್ಪಷ್ಟವಾಗಿರುವ ನೆನಪಿನ ಮೇಲೆಯೇ ನನಗೆ ಹೆಚ್ಚು ಅನುಮಾನ. ಆ ಕಾಲದಲ್ಲಿ ನಮ್ಮ ಟೀವಿಗೆ ಬಣ್ಣವೇ ಇರಲಿಲ್ಲವೆಂದು ಅಕ್ಕ ಹೇಳುತ್ತಾಳೆ. ಹಾಗಿದ್ದರೆ ಕಪ್ಪೆಗೆ ಹಸಿರು ಬಳಿದವನು ನಾನೇ ಇರಬೇಕು.

ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿದ್ದರಿಂದ ಆದ ನಷ್ಟಗಳಲ್ಲಿ ಇದೂ ಒಂದು: ಸ್ವಂತ ಬಾಲ್ಯವನ್ನೂ ಸಾಕ್ಷಿ ಕೇಳದೆ ನಂಬಲಾಗುವುದಿಲ್ಲ. ನಮ್ಮ ನೈಯಾಯಿಕರು, ಅಂದರೆ ಹಳೆಯ ತರ್ಕಶಾಸ್ತ್ರದವರು, ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳಿಗೆ ಎಲೆ ಹಾಕಿ ಕೂರಿಸಿ, ಸ್ಮೃತಿಯನ್ನು ಮಾತ್ರ ಜಗುಲಿಯಲ್ಲೇ ನಿಲ್ಲಿಸಿದರು. ನೆನಪು ಪ್ರಮಾಣವಲ್ಲ, ನಿಜವಾದ ಅರಿವಿಗೆ ಆಧಾರವಲ್ಲ ಎಂದರು. ಓದುವಾಗ ಅದು ಅನ್ಯಾಯವೆನಿಸಿತ್ತು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ಮನೆಗೆ ವಾಪಸು ಬರುವ ಈ ವಯಸ್ಸಿನಲ್ಲಿ ಅವರ ಮೇಲೆ ಗೌರವ ಬಂದಿದೆ.

ಆಟದ ವಿಷಯ ಹೇಳಬೇಕು. ವೀರನೊಬ್ಬ ಊರಿಂದ ಊರಿಗೆ ಹೋಗುತ್ತಾನೆ. ದಾರಿಯಲ್ಲಿ ಕಪ್ಪೆ, ಬಾವಲಿ, ಚೇಳುಗಳು ಅಡ್ಡ ಬರುತ್ತವೆ. ಅವನ್ನು ಹೊಡೆದರೆ ಒಂದಿಷ್ಟು ಅಂಕ. ಅಂಕ ಸೇರುತ್ತಾ ಹೋದಂತೆ ವೀರನಿಗೆ ಬಲ. ಬಲ ಬಂದ ಮೇಲೆ ಗುಹೆಯ ರಾಕ್ಷಸ. ಇಂಥ ಆಟದ ಕ್ಯಾಸೆಟ್ಟೊಂದನ್ನು ಅಪ್ಪ ಬೀದಿಯ ತುದಿಯ ಅಂಗಡಿಯಿಂದ ತಂದಿದ್ದರು. ಹಾಕಿ ನೋಡಿದರೆ ಆದಿಯಿಂದ ಅಂತ್ಯದವರೆಗೆ ಜಪಾನಿ. ವಾಪಸು ಒಯ್ದರೆ ಅಂಗಡಿಯವನು, “ಆಟಕ್ಕೆ ಭಾಷೆ ಯಾಕೆ ಬೇಕು ಸಾರ್?” ಎಂದನಂತೆ. ಅಪ್ಪನಿಗೂ ಅದು ಸರಿಯೆನಿಸಿತಂತೆ.

ಹಾಗಾಗಿ ನಾವು ಕುರುಡರಂತೆ ತಡವಿ ಆಡಿದೆವು. ಮೊದಲನೆಯ ಸಾಲು ಒತ್ತಿದರೆ ಕತ್ತಿ ಬೀಸುತ್ತಾನೆ, ಎರಡನೆಯದಕ್ಕೆ ಮಂತ್ರ, ಮೂರನೆಯದಕ್ಕೆ ಔಷಧಿ. ನಾಲ್ಕನೆಯದು ಶಾಪ. ಕಥೆಯನ್ನು ಅಕ್ಕ ಪೂರೈಸುತ್ತಿದ್ದಳು. ಆಟದ ಊರಿನ ಮುದುಕ ಪರದೆಯ ಮಾತಿನ ಚೌಕ ತುಂಬ ಅಕ್ಷರ ಉದುರಿಸಿದರೆ, “ಮಗನ ಮದುವೆಗೆ ಬಾ ಅಂತಿದ್ದಾನೆ, ಆದ್ರೆ ಕಾಡು ದಾಟಿ ಹೋಗ್ಬೇಕಂತೆ” ಎಂದು ತಡವರಿಸದೆ ಅರ್ಥ ಹೇಳುತ್ತಿದ್ದಳು. ನಾನು ಪೂರ್ತಿ ನಂಬುತ್ತಿದ್ದೆ. ಆ ಕಾಡಿನ ಪ್ರತಿಯೊಂದು ಕಪ್ಪೆಯ ಜೊತೆಗೂ ನಾವು ಹೊಡೆದಾಡಿದೆವು. ಬೇರೆ ದಾರಿ ಇದೆಯೆಂದು ನಮಗೆ ಗೊತ್ತಿರಲಿಲ್ಲ. ಅಥವಾ, ನನಗೆ ಗೊತ್ತಿರಲಿಲ್ಲ.

ಇಂಥ ಸಣ್ಣ ಕಾಳಗಗಳು ಬೇಕೇ ಬೇಡವೇ ಎಂದು ಆಟವಾಡುವವರಲ್ಲಿ ಇಂದಿಗೂ ಜಗಳವಿದೆ. ಬೇಡ ಎನ್ನುವವರ ವಾದ ಬಲವಾದದ್ದು. ಕಥೆ ಕೇಳಲು ಬಂದವನನ್ನು ಹೆಜ್ಜೆಹೆಜ್ಜೆಗೂ ನಿಲ್ಲಿಸಿ ಕಪ್ಪೆ ಹೊಡೆಸುವುದು ಕಾಲಹರಣ. ಹೊಡೆದ ಕಪ್ಪೆ ಮತ್ತೆ ಅದೇ ಜಾಗದಲ್ಲಿ ಹುಟ್ಟುತ್ತದೆ, ಇದರಲ್ಲಿ ಗೆಲುವೆಲ್ಲಿದೆ? ಬೇಕು ಎನ್ನುವವರು, ಕಪ್ಪೆಗಳಿಲ್ಲದೆ ರಾಕ್ಷಸನನ್ನು ಕೊಂದರೆ ಅದು ಕೊಂದಂತೆ ಅನಿಸುವುದಿಲ್ಲ ಎನ್ನುತ್ತಾರೆ. ನಾನು ಯಾವತ್ತೂ ಮೊದಲ ಪಕ್ಷ. ಬೇಸರವನ್ನು ಸಾಧನೆಯೆಂದು ಕರೆಯುವವರನ್ನು ಕಂಡರೆ ನನಗಾಗದು. ಕಳೆದ ವರ್ಷದವರೆಗೂ ಈ ವಿಷಯದಲ್ಲಿ ನನಗೆ ಸಂಶಯವೇ ಇರಲಿಲ್ಲ, ಸಂಶಯವೇ ನನ್ನ ಕಸುಬಾಗಿದ್ದರೂ.

ಕಳೆದ ವರ್ಷ ಅಕ್ಕನಿಗೆ ಸ್ಟ್ರೋಕ್ ಆಯಿತು. ಮಾತು ಬೇಗ ಮರಳಿತು, ಕಾಲೂ ಮಾತು ಕೇಳಿತು. ಬಲಗೈ ಮಾತ್ರ ಬೇರೆ ಯಾರದೋ ಕೈಯಂತೆ ಮಡಿಲಲ್ಲಿ ಬಿದ್ದಿರುತ್ತಿತ್ತು. ಅಕ್ಕ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಬೋರ್ಡಿನ ಮೇಲೆ ಬರಿಗೈಯಲ್ಲಿ ವೃತ್ತ ಬರೆಯುವುದು ಅವಳ ಹೆಮ್ಮೆ. ಸುತ್ತಿ ಬಂದ ಗೆರೆ ಹೊರಟ ಜಾಗಕ್ಕೇ ಬಂದು ಕೂಡುತ್ತಿತ್ತು. ಮಕ್ಕಳು ಕೈವಾರ ಇಟ್ಟು ಪರೀಕ್ಷೆ ಮಾಡಿ ಸೋಲುತ್ತಿದ್ದರಂತೆ. “ವೃತ್ತ ಕೂಡೋವರೆಗೂ ನಾನು ಸ್ಕೂಲಿಗೆ ಕಾಲಿಡಲ್ಲ” ಎಂದು ಅವಳು ಮೊದಲೇ ಹೇಳಿಬಿಟ್ಟಿದ್ದಳು.

ಫಿಸಿಯೋಥೆರಪಿಯ ಹುಡುಗಿ ಮನೆಗೆ ಬಂದು ಎರಡು ಬಟ್ಟಲು ಇಟ್ಟಳು. ಒಂದರಲ್ಲಿ ಕಡಲೆಕಾಳು, ಇನ್ನೊಂದು ಖಾಲಿ. ಹೆಬ್ಬೆರಳು, ತೋರುಬೆರಳಿನಿಂದ ಒಂದೊಂದೇ ಕಾಳು ಎತ್ತಿ ಆಚೆ ಬಟ್ಟಲಿಗೆ ಹಾಕಬೇಕು. ಮುಗಿದ ಮೇಲೆ ಮತ್ತೆ ಸುರಿದು ಮೊದಲಿನಿಂದ. ಅಕ್ಕ ಕೆಲವು ದಿನ ಮಾಡಿ ನಿಲ್ಲಿಸಿಬಿಟ್ಟಳು. ಸಿದ್ಧಾರ್ಥನಗರದ ಅವರ ಮನೆಗೆ ನಾನು ಹೋದಾಗ ಬಟ್ಟಲುಗಳು ಕಿಟಕಿಯ ಮೇಲೆ ದೂಳು ತಿನ್ನುತ್ತಿದ್ದವು.

“ಯಾಕಕ್ಕಾ?”

“ಎತ್ತಿ ಹಾಕೋದು, ಮತ್ತೆ ಅಲ್ಲಿಗೇ ಸುರಿಯೋದು. ಏನೋ ಬರುತ್ತೆ ಅದ್ರಿಂದ? ನಿನ್ನ ಆಟದಲ್ಲಿ ಕಪ್ಪೆ ಹೊಡೆದ್ರೆ ಒಂದು ಅಂಕಿನಾದ್ರೂ ತೋರಿಸ್ತಿತ್ತು. ಇಲ್ಲಿ ಯಾರು ತೋರಿಸ್ತಾರೆ?”

ನಾನು ಜೀವನವಿಡೀ ಹಿಡಿದು ಬಂದ ವಾದವೇ ಅದು. ಈಗ ಅದು ಅಕ್ಕನ ಬಾಯಲ್ಲಿತ್ತು. ವಾದದಲ್ಲಿ ಗೆದ್ದು ಏನನ್ನಾದರೂ ಕಳೆದುಕೊಳ್ಳಬಹುದೆಂದು ನನಗೆ ಹೊಳೆದದ್ದು ಅಲ್ಲಿ.

ಉತ್ತರ ಹೊಳೆಯದವನು ಮಾಡುವ ಕೆಲಸವನ್ನೇ ನಾನೂ ಮಾಡಿದೆ, ಕೋತಿಚೇಷ್ಟೆ. ಬಟ್ಟಲು ಒರೆಸಿ ಅವಳ ಮುಂದಿಟ್ಟೆ. ಅವಳು ಕಷ್ಟಪಟ್ಟು ಒಂದು ಕಾಳು ಎತ್ತಿ ಹಾಕಿದಳು. ಆಟದಲ್ಲಿ ಗೆದ್ದಾಗ ಬರುತ್ತಿದ್ದ ವಾದ್ಯವನ್ನು ನಾನು ಬಾಯಲ್ಲೇ ಊದಿದೆ: ಟಟ್ಟಟ್ಟಟ್ಟ ಟ್ಯಾಂಯ್! ಇನ್ನೊಂದು ಕಾಳು. ಟ್ಯಾಂಯ್! ಹೆಬ್ಬಾಳದ ಕಾರ್ಖಾನೆಯಲ್ಲಿ ಮೊದಲ ಪಾಳಿ ಮುಗಿಸಿ ಬಂದ ಭಾವ ಬಾಗಿಲಲ್ಲೇ ನಿಂತು, “ಏನ್ರಯ್ಯಾ, ಮನೇಲಿ ಬ್ಯಾಂಡ್‌ಸೆಟ್ಟು?” ಎಂದರು.

“ಇವನ್ನ ಮೊದ್ಲು ಆಚೆಗೆ ಕಳಿಸ್ರೀ. ಕೈ ಸರಿಯಾಗೋ ಮುಂಚೆ ತಲೆ ಕೆಡುತ್ತೆ” ಎಂದಳು ಅಕ್ಕ. ಕಾಳು ಅಷ್ಟಕ್ಕೇ ನಿಂತಿತು.

ಅದಕ್ಕೇ ನನ್ನ ಮನೆಯ ಅಟ್ಟದಿಂದ ಹಳೆಯ ಆಟದ ಪೆಟ್ಟಿಗೆಯನ್ನು ಇಳಿಸಿ ಅಕ್ಕನ ಮನೆಗೆ ಒಯ್ದೆ. ಹೆಬ್ಬೆರಳಿಗೆ ಅದೂ ವ್ಯಾಯಾಮವೇ ಎಂದು ಫಿಸಿಯೋ ಹುಡುಗಿ ಒಪ್ಪಿದ್ದಳು. ರಿಪೇರಿಯವನು ಈಗಿನ ಟೀವಿಗೆ ಹೊಂದುವ ತಂತಿ ಹಾಕಿಕೊಟ್ಟ. ಕ್ಯಾಸೆಟ್ಟು ಬದುಕಿತ್ತು. ಆದರೆ ಅದರೊಳಗಿನ ಸಣ್ಣ ಸೆಲ್ಲು ಸತ್ತು, ನಾವು ಗೆದ್ದದ್ದೆಲ್ಲ ಅಳಿಸಿಹೋಗಿತ್ತು. ವೀರ ಮತ್ತೆ ಮೊದಲಿನ ಊರಿನಲ್ಲಿ, ಮೊದಲಿನ ಕತ್ತಿ ಹಿಡಿದು ನಿಂತಿದ್ದ. ಅಕ್ಕ ಜಾಯ್‌ಸ್ಟಿಕ್ಕನ್ನು ಮಡಿಲಲ್ಲಿಟ್ಟುಕೊಂಡು ಬಲಗೈ ಹೆಬ್ಬೆರಳನ್ನು ಎಡಗೈಯಿಂದ ಎತ್ತಿ ಗುಂಡಿಯ ಮೇಲೆ ಕೂರಿಸಿದಳು.

ಕಾಡಿನ ಅಂಚಿನಲ್ಲೇ ಕಪ್ಪೆ ಬಂತು. “ಬಂದ ನೋಡೋ ನಿನ್ನ ನೆಂಟ” ಎಂದಳು. ಮೊದಲನೆಯದನ್ನು ಹೊಡೆದಳು. ಎರಡನೆಯದಕ್ಕೆ ಬೆರಳು ಸೋತಿತು, ನಮ್ಮ ವೀರನೂ ಸೋತು ಸುಣ್ಣವಾಗಿದ್ದ. ಮೂರನೆಯದು ಬಂದಾಗ ಅವಳು ನಿಟ್ಟುಸಿರು ಬಿಟ್ಟು, “ಸಾಕು, ಓಡೋಗೋಣ ಬುಡು. ನಾಲ್ಕನೇದು ಒತ್ತುತ್ತೀನಿ” ಎಂದಳು.

“ಅದು ಶಾಪದ ಸಾಲಲ್ವಾ?”

“ಎಂಥ ಶಾಪ! ಅದು ಓಡಿಹೋಗೋ ಸಾಲು ಕಣೋ. ನೀನು ಕರಿಬೇವು ತರೋಕೆ ಹೋಗಿದ್ದಾಗ ಒತ್ತಿ ನೋಡಿದ್ದೆ. ಬೆನ್ನು ತಿರುಗಿಸಿ ಓಟ ಕಿತ್ತ, ಪುಣ್ಯಾತ್ಮ.”

“ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಬಾವಲಿಗೂ ಓಡ್ತಿದ್ದೆ, ಕಪ್ಪೆಗೂ ಓಡ್ತಿದ್ದೆ. ಗುಹೆ ಬಾಗಿಲಿಗೆ ಹೋಗೋ ಹೊತ್ತಿಗೆ ನಿನ್ನ ಹತ್ರ ಏನಿರ್ತಿತ್ತು, ಹೇಳು?”

ಅವಳ ಮಾತು ಅವಳಿಗೇ ಕೇಳಿಸಿತೋ ಏನೋ, ನಾನು ಅನುಮಾನಪ್ರಮಾಣಕ್ಕಿಂತ, ಅಂದರೆ ಕಂಡದ್ದರಿಂದ ಊಹಿಸುವುದಕ್ಕಿಂತ, ಮುಂದೆ ಹೋಗಲಾರೆ. ಅವಳ ಕಣ್ಣು ಪರದೆ ಬಿಟ್ಟು, ಬಟ್ಟಲುಗಳು ಮತ್ತೆ ಹೋಗಿ ಕೂತಿದ್ದ ಕಿಟಕಿಯ ಕಡೆಗೆ ಹೋಯಿತು. ಆದರೂ ಹಟಕ್ಕೆ ನಾಲ್ಕನೆಯ ಸಾಲನ್ನೇ ಒತ್ತಿದಳು. ಪರದೆ ಒಮ್ಮೆ ಮಿಣುಕಿತು. ವೀರ ನಿಂತಲ್ಲೇ ನಿಂತಿದ್ದ. ಕಪ್ಪೆ ಎಗರಿ ಬಡಿಯಿತು, ಸತ್ತುಬಿದ್ದ.

“ನೋಡಿದ್ಯಾ, ಶಾಪವೇ” ಎಂದೆ.

“ಸುಮ್ನಿರೋ. ಒಂದೊಂದು ಸಲ ಅವು ಬಿಡಲ್ಲ” ಎಂದಳು, ಮೆಲ್ಲಗೆ.

ಮಾರನೆಯ ದಿನದ ವಿಷಯಕ್ಕೆ ನನಗಿರುವುದು ಶಬ್ದಪ್ರಮಾಣ, ಅಂದರೆ ಭಾವ ಫೋನಿನಲ್ಲಿ ಹೇಳಿದ್ದು. ಬೆಳಿಗ್ಗೆ ಕಾಫಿ ಕುಡಿದವಳೇ ಯಾರೂ ಹೇಳದೆ ಬಟ್ಟಲುಗಳನ್ನು ಎಳೆದುಕೊಂಡಳಂತೆ. ಬೈಯುತ್ತಲೇ ಇದ್ದಳಂತೆ, ಕಾಳನ್ನೂ, ಫಿಸಿಯೋ ಹುಡುಗಿಯನ್ನೂ, ಮುಖ್ಯವಾಗಿ ನನ್ನನ್ನು. ಆದರೆ ಎತ್ತಿ ಹಾಕುತ್ತಿದ್ದಳಂತೆ. ಅಂದಿನಿಂದ ಅದು ನಿಂತಿಲ್ಲ. ಮೊನ್ನೆ ಸ್ಲೇಟಿನ ಮೇಲೆ ವೃತ್ತ ಬರೆದು ತೋರಿಸಿದಳು. ಬದನೆಕಾಯಿಯಂತಿತ್ತು, ಕೂಡಬೇಕಾದ ಕಡೆ ಬಾಯಿ ಬಿಟ್ಟುಕೊಂಡಿತ್ತು. ಒರೆಸಿ ಇನ್ನೊಂದು ಬರೆದಳು. ಆ ಬಾಯಿ ಸ್ವಲ್ಪ ಚಿಕ್ಕದಾಗಿತ್ತು ಎಂದು ನನಗನಿಸಿತು. ಅನಿಸಿದ್ದು ಪ್ರಮಾಣವಲ್ಲ.

ಹಾಗಾದರೆ ಸಣ್ಣ ಕಾಳಗಗಳಿಗೆ ಬೆಲೆಯಿದೆಯೇ? ಒಂದು ಕಪ್ಪೆಯನ್ನು ಬಿಡಿಯಾಗಿ ಹಿಡಿದು ಕೇಳಿದರೆ ಇಲ್ಲವೆಂದೇ ಈಗಲೂ ಹೇಳುತ್ತೇನೆ. ಯಾವ ಕಪ್ಪೆಯೂ ಹೊಡೆಯಲು ಯೋಗ್ಯವಲ್ಲ, ಯಾವ ಕಾಳೂ ಎತ್ತಲು ಯೋಗ್ಯವಲ್ಲ. ತರ್ಕ ಅಲ್ಲಿಗೆ ಮುಗಿಯುತ್ತದೆ. ಬೆರಳು ಮಾತ್ರ ತರ್ಕ ಮುಗಿದ ಮೇಲೂ ಇನ್ನೊಂದು ಕಾಳಿಗೆ ಚಾಚುತ್ತದೆ. ಆಟದಲ್ಲಿ ಅಂಕಿ ಕಾಣುತ್ತದೆ, ಆದ್ದರಿಂದ ಅಲ್ಲಿ ನಂಬಿಕೆ ಬೇಕಿಲ್ಲ. ಅಕ್ಕನಿಗೆ ಅಂಕಿ ತೋರಿಸುವವರು ಯಾರೂ ಇಲ್ಲ. ಅವಳು ಅದಿಲ್ಲದೆಯೇ ಆಡುತ್ತಿದ್ದಾಳೆ.

ಆದರೂ ಒಂದು ಮುಳ್ಳು ಉಳಿದಿತ್ತು. ಮುದುಕನ ಬಾಯಿಗೆ ಮಗನ ಮದುವೆ ತುರುಕಿದವಳು ಅಕ್ಕ. ಓಡಿಹೋಗುವ ಸಾಲು, ಕರಿಬೇವು, ಎಲ್ಲವನ್ನೂ ಅವಳು ಆ ಗಳಿಗೆಯಲ್ಲೇ ಹೊಸೆದಿರಬಾರದೇಕೆ? ನಾವಿಬ್ಬರೂ ನೋಡನೋಡುತ್ತಿದ್ದಂತೆ ಆ ಸಾಲು ವೀರನನ್ನು ಕೊಂದಿತ್ತಲ್ಲ. ಪರದೆಯ ಫೋಟೋ ತೆಗೆದೆ. ಫೋನು ಹೇಳಿದ ಅರ್ಥವನ್ನು ನಂಬದೆ, ಭಾವನ ಮೂಲಕ ಹೆಬ್ಬಾಳದ ಕಾರ್ಖಾನೆಗಳಿಗೆ ಜಪಾನಿ ಕಾಗದಪತ್ರ ಅನುವಾದಿಸಿಕೊಡುವ ಒಬ್ಬರಿಗೆ ಕಳಿಸಿದೆ. ಚಾಪೆ ಇತ್ತೋ ಇಲ್ಲವೋ, ಕಪ್ಪೆಗೆ ಬಣ್ಣವಿತ್ತೋ ಇಲ್ಲವೋ, ಶಾಪವೆಂಬ ಮಾತನ್ನು ಆಡಿದವರು ಯಾರೋ, ಅವಕ್ಕೆಲ್ಲ ಇನ್ನು ಸಾಕ್ಷಿ ಸಿಗುವುದಿಲ್ಲ. ಸಿಕ್ಕಿದ್ದು ಒಂದಕ್ಕೆ. ನಾಲ್ಕನೆಯ ಸಾಲಿನಲ್ಲಿ ಬರೆದಿರುವುದು ಒಂದೇ ಪದ: ಓಡಿಹೋಗು.