ಸ್ವಲ್ಪ ಪಕ್ಕಕ್ಕೆ ಕೂತ ಕಳ್ಳಿ

ಆ ಮನೆ ಮುಂದೆ ಮೂರನೇ ಸಲ ಹಾದುಹೋಗುವಾಗ ಅಲ್ಲಿನ ಅಜ್ಜ ಗೇಟಿಗೇ ಬಂದು ನಿಂತುಬಿಟ್ಟರು.

"ಯಾರ ಮನಿ ಬೇಕಮ್ಮ? ಆಗಿಂದ ನೋಡ್ತಿದೀನಿ, ನಮ್ಮ ರಸ್ತೆ ಸವೆದು ಹೋಗತೈತೆ."

ಕಾಂಪೌಂಡಿನ ಮೇಲೆ ಇಳಿಬಿದ್ದಿದ್ದ ಡ್ರ್ಯಾಗನ್ ಫ್ರೂಟ್ ಬಳ್ಳಿಯ ಕಡೆ ಕೈ ತೋರಿಸಿದೆ.

"ಹಣ್ಣು ಇನ್ನೂ ಬಿಟ್ಟಿಲ್ಲಮ್ಮ."

"ಹಣ್ಣು ಬ್ಯಾಡ್ರಿ... ಒಂದು ತುಂಡು ಬಳ್ಳಿ ಸಾಕ್ರಿ."

ನಿಜಲಿಂಗಪ್ಪ ಬಡಾವಣೆಯಲ್ಲಿ ಗುರುತಿಲ್ಲದವರ ಹತ್ತಿರ ನಾನು ಆಡಿದ ಅತಿ ಉದ್ದದ ಮಾತು ಅದು.

ವಿಷಯ ಇಷ್ಟೇ. ಹರಿಹರದಲ್ಲಿ ನಮ್ಮ ಅತ್ತಿಗೆಯ ಅಮ್ಮ ಬಹಳ ವರ್ಷ ಸಾಕಿದ್ದ ಒಂದು ಗುಂಡು ಕಳ್ಳಿ ಇತ್ತು. ಮನೆ ರಿಪೇರಿಗೆ ಬಂದವರು ಅದರ ಮೇಲೆ ಸಿಮೆಂಟ್ ಚೀಲ ಇಟ್ಟು ಅಪ್ಪಚ್ಚಿ ಮಾಡಿದರು.

ಉಳಿದದ್ದು ಅತ್ತಿಗೆ ಮೊದಲೇ ತಂದಿಟ್ಟಿದ್ದ ಅದರ ಬೀಜ ಮಾತ್ರ. ಐದು ಸಸಿ ಎದ್ದವು. ನಾನು ಪ್ರೀತಿ ಹೆಚ್ಚಾಗಿ ದಿನಾ ನೀರು ಹಾಕಿ ನಾಲ್ಕನ್ನು ಕೊಳೆಸಿದೆ.

ಐದನೆಯದರ ಬುಡವೂ ಕಂದಾಗಿತ್ತು. ಕೊಳೆತದ್ದನ್ನು ಕತ್ತರಿಸಿ, ಮೇಲಿನ ಹಸಿರು ಭಾಗವನ್ನು ಬೇರು ಗಟ್ಟಿಯಿರುವ ಇನ್ನೊಂದು ಕಳ್ಳಿಗೆ ಕಸಿ ಮಾಡಿದರಷ್ಟೇ ಉಳಿಯುತ್ತಿತ್ತು. ಡ್ರ್ಯಾಗನ್ ಫ್ರೂಟ್ ಕೂಡ ಕಳ್ಳಿ ಜಾತಿಯೇ.

ಹರಿಹರದಿಂದ ಫೋನ್ ಬಂದಾಗಲೆಲ್ಲ ಅತ್ತಿಗೆ "ಐದೂ ಚೆನ್ನಾಗದಾವೆ ಅವ್ವ" ಅನ್ನುತ್ತಿದ್ದರು... ನನ್ನ ಕಡೆ ಕಣ್ಣು ಬಿಡುತ್ತಾ.

ಅಜ್ಜ ಒಳ್ಳೆಯವರು. ಪೇಂಟ್ ಡಬ್ಬದಲ್ಲಿ ಬೇರು ಬಿಟ್ಟಿದ್ದ ತುಂಡನ್ನೇ ಕೊಟ್ಟು ಕಳಿಸಿದರು.

ಮೊಬೈಲಿನಲ್ಲಿ ಸಿಕ್ಕ ವಿಡಿಯೋ ಇಂಗ್ಲಿಷಿನದು. ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಮಾತು ಬಿಟ್ಟು ಕೈ ಮಾತ್ರ ನೋಡಿಕೊಂಡೆ. ಬ್ಲೌಸ್ ಹೊಲಿಯುವವಳಿಗೆ ಬ್ಲೇಡ್ ಹಿಡಿಯುವುದು ಹೊಸದೇ?

ಬಳ್ಳಿಯ ತಲೆ ಕತ್ತರಿಸಿದೆ. ಕೊಳೆತ ಬುಡ ತೆಗೆದು, ಕಡಲೆಕಾಳಿನಷ್ಟು ಉಳಿದ ಸಸಿಯನ್ನು, ಇಂಚ್ ಟೇಪಿನಿಂದ ಅಳೆದು, ಸರಿಯಾಗಿ ನಟ್ಟನಡುವೆ ಕೂರಿಸಿ ರಬ್ಬರ್ ಬ್ಯಾಂಡ್ ಹಾಕಿದೆ.

"ಗುಂಡಿ ಹಚ್ಚೀಯೇನೇ? ಕಾಜಾ ಎಲ್ಲೈತೆ?" ಅಂದರು ಅತ್ತಿಗೆ.

ನಾಲ್ಕನೇ ದಿನ ರಬ್ಬರ್ ಬಿಚ್ಚಿದರೆ ಸಸಿ ಗುಂಡಿಯ ಹಾಗೆಯೇ ಉದುರಿತು.

ಅತ್ತಿಗೆ ನಗಲಿಲ್ಲ. ನನಗೆ ಭಯವಾದದ್ದು ಆಗಲೇ.

ವಿಡಿಯೋ ಮತ್ತೆ ಹಾಕಿ, ನಿಲ್ಲಿಸಿ ನಿಲ್ಲಿಸಿ ನೋಡಿದೆ. ಕತ್ತರಿಸಿದ ಜಾಗದಲ್ಲಿ ಬಳ್ಳಿಗೂ ಒಂದು ಉಂಗುರ ಕಾಣುತ್ತದೆ, ಸಸಿಗೂ ಒಂದು ಕಾಣುತ್ತದೆ. ಆ ಮನುಷ್ಯ ಸಸಿಯನ್ನು ಬೆರಳಿನಿಂದ ಚೂರು ಪಕ್ಕಕ್ಕೆ ತಳ್ಳುತ್ತಾನೆ... ಉಂಗುರದ ಮೇಲೆ ಉಂಗುರ ಬರುವ ಹಾಗೆ.

ಅಯ್ಯೋ, ಇದು ಬ್ಲೌಸಿಗೆ ತೋಳು ಕೂರಿಸುವ ಕೆಲಸ! ಗುರುತಿಗೆ ಗುರುತು ಕೂಡಬೇಕು. ನಟ್ಟನಡುವೆ ಇಟ್ಟಿದ್ದಕ್ಕೆ ನನ್ನ ಸಸಿಯ ಪುಟ್ಟ ಉಂಗುರ ದೊಡ್ಡದರ ಒಳಗೆ ಯಾರನ್ನೂ ಮುಟ್ಟದೆ ಕೂತಿತ್ತು. ಥೇಟ್ ನನ್ನ ಹಾಗೆ.

ಎರಡನ್ನೂ ಮತ್ತೆ ತೆಳ್ಳಗೆ ಕತ್ತರಿಸಿದೆ. ಇನ್ನೊಂದು ಸಲ ಕತ್ತರಿಸಲು ಸಸಿ ಉಳಿದಿರಲಿಲ್ಲ. ಪಕ್ಕಕ್ಕೆ ಸರಿಸಿ ಕಟ್ಟಿದೆ.

"ಸೊಟ್ಟ ಆತಲ್ಲೇ. ಗಿರಾಕಿ ನೋಡಿದ್ರೆ ಬ್ಲೌಸ್ ಬಟ್ಟೆ ವಾಪಸ್ ಒಯ್ತಾರೆ" ಅಂದರು ಅತ್ತಿಗೆ.

ಮೂರು ವಾರ ಆಯಿತು. ಸಸಿ ಉಬ್ಬಿದೆ, ನೆತ್ತಿಯ ಮೇಲೆ ಹೊಸ ಬಿಳಿ ಮುಳ್ಳು. ನಿನ್ನೆ ಅತ್ತಿಗೆ ಫೋಟೋ ತೆಗೆದು ಹರಿಹರಕ್ಕೆ ಕಳಿಸಿದರು. ಫೋನಿನಲ್ಲಿ ಮೊದಲ ಸಲ ನಿಜ ಹೇಳಿದರು: "ಒಂದ ಐತೆ ಅವ್ವ. ಆದ್ರೆ ಗಟ್ಟಿ ಐತೆ."

ಅಜ್ಜನಿಗೂ ತೋರಿಸಬೇಕು ಅಂತ ಡಬ್ಬ ಹಿಡಿದು ಇವತ್ತು ಹೋಗಿದ್ದೆ. ಗೇಟಿನ ಮುಂದೆ ಎರಡು ಸಲ ಹಾದು ವಾಪಸ್ ಬಂದೆ...

ಮೂರನೇ ಸಲಕ್ಕೆ ನಾನೇ ಗೇಟ್ ತಟ್ಟಲೋ, ಅವರೇ ಕರೆಯಲಿ ಅಂತ ಕಾಯಲೋ, ಹೇಳ್ರಿ?